ಬೆಳಗಾವಿ ಪ್ರದೇಶದ ಗಾಡಿ ಓಟಗಳಲ್ಲಿ ಕುದುರೆಗಳ ಕಲ್ಯಾಣ

ಬೆಳಗಾವಿ ಪ್ರದೇಶದ ಗಾಡಿ ಓಟಗಳಲ್ಲಿ ಕುದುರೆಗಳ ಕಲ್ಯಾಣ ಎಂಬುದು ಕರ್ನಾಟಕದ ಬೆಳಗಾವಿ ಜಿಲ್ಲೆಯಲ್ಲಿಯೂ ಅದಕ್ಕೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ ಜಿಲ್ಲೆಗಳಲ್ಲಿಯೂ ಜಾತ್ರೆ ಉತ್ಸವಗಳ ಸಂದರ್ಭದಲ್ಲಿ ನಡೆಯುವ ಗಾಡಿ ಓಟಗಳಲ್ಲಿ ಬಳಕೆಯಾಗುವ ಕುದುರೆಗಳ ಆರೋಗ್ಯ, ತರಬೇತಿ ಹಾಗೂ ಕಾನೂನು ರಕ್ಷಣೆಗೆ ಸಂಬಂಧಿಸಿದ ವಿಷಯವಾಗಿದೆ. ಸ್ಥಳೀಯವಾಗಿ ಈ ಓಟಗಳನ್ನು ಕನ್ನಡ ಹಾಗೂ ಮರಾಠಿ ಮಾತನಾಡುವವರಿಬ್ಬರೂ ಶರ್ಯತ್ತು ಎಂದೇ ಕರೆಯುತ್ತಾರೆ. ಎತ್ತಿನ ಗಾಡಿ ಓಟದ ಕುರಿತು ನ್ಯಾಯಾಲಯಗಳಲ್ಲಿಯೂ ಶಾಸನಸಭೆಗಳಲ್ಲಿಯೂ ಸಾಕಷ್ಟು ಚರ್ಚೆಯಾಗಿದೆ. ಅದೇ ಅಖಾಡದಲ್ಲಿ, ಕೆಲವೊಮ್ಮೆ ಅದೇ ನೊಗದಡಿ ಓಡುವ ಕುದುರೆಯ ಕುರಿತು ನಡೆದ ಚರ್ಚೆ ಕಡಿಮೆ. 2017ರ ಕರ್ನಾಟಕ ತಿದ್ದುಪಡಿ ಕಾಯಿದೆಯು ಕಂಬಳ ಮತ್ತು ಎತ್ತಿನ ಗಾಡಿ ಓಟಗಳಿಗೆ ಮಾತ್ರ ವಿನಾಯಿತಿ ನೀಡಿದ್ದು, ಕುದುರೆ ಗಾಡಿ ಓಟವು ಆ ವಿನಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ.

ಹಿನ್ನೆಲೆ

ಬೆಳಗಾವಿ ನಗರ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ಕುದುರೆಯ ಬಳಕೆ ಮೂರು ನೆಲೆಗಳಲ್ಲಿ ಬೆಳೆದು ಬಂದಿದೆ. ಮೊದಲನೆಯದು ಸೈನ್ಯ. ಬ್ರಿಟಿಷರ ಕಾಲದಲ್ಲಿ ದಂಡುಪ್ರದೇಶವಾಗಿ ಬೆಳೆದ ನಗರದಲ್ಲಿ ಕುದುರೆ ಓಟದ ಮೈದಾನವೂ ಇತ್ತು. ಗಾಲ್ಫ್ ಮೈದಾನದ ಸುತ್ತಲಿನ ಭಾಗವನ್ನು ಜನ ಈಗಲೂ ರೇಸ್‌ಕೋರ್ಸ್ ಎಂದೇ ಗುರುತಿಸುತ್ತಾರೆ. ಎರಡನೆಯದು ಬಾಡಿಗೆಯ ಟಾಂಗಾ. ಆಟೋರಿಕ್ಷಾಗಳು ಬಂದ ಮೇಲೆ ಟಾಂಗಾ ಬಹುಮಟ್ಟಿಗೆ ಮರೆಯಾಯಿತು. ಮೂರನೆಯದು ಕುರಿಗಾಹಿಗಳ ವಲಸೆ. ದಖ್ಖನಿ ಕುರಿಗಳ ಹಿಂಡಿನೊಂದಿಗೆ ಸಂಚರಿಸುವ ಹಾಲುಮತದ ಕುರುಬರು ಮತ್ತು ಗಡಿಯಾಚೆಯ ಧನಗರರು ಹಾಸಿಗೆ, ಪಾತ್ರೆ, ಬಲೆ, ಎಳೆಯ ಮರಿಗಳನ್ನು ಗಿಡ್ಡ ಕುದುರೆಗಳ ಮೇಲೆ ಹೇರಿಕೊಂಡು ಹೋಗುವುದು ಈ ಭಾಗದ ರಸ್ತೆಗಳಲ್ಲಿ ಇಂದಿಗೂ ಕಾಣುವ ದೃಶ್ಯ. ಭೀಮಾ ನದಿಯ ಬಯಲಿನಿಂದ ಹೆಸರು ಪಡೆದ ಭೀಮಥಡಿ ತಳಿಯ ಕುದುರೆಗಳು ಇಂಥ ಹೊರೆ ಹೊರುವ ಕೆಲಸಕ್ಕೆ ಹೆಸರಾದವು. ಎತ್ತರ ಕಡಿಮೆ, ಕಾಲು ಗಟ್ಟಿ, ಸಿಕ್ಕಿದ್ದನ್ನು ತಿಂದು ಬದುಕುವ ಶಕ್ತಿ ಹೆಚ್ಚು.

ಕುದುರೆಗೆ ಧಾರ್ಮಿಕ ಗೌರವವೂ ಇದೆ. ಮೈಲಾರಲಿಂಗನ ವಾಹನ ಕುದುರೆ. ಮಠಗಳಿಗೆ ಬಿಟ್ಟ ಕುದುರೆಗಳನ್ನು ಭಕ್ತರು ದೇವರಂತೆ ಕಾಣುತ್ತಾರೆ. 2021ರ ಮೇ ತಿಂಗಳಲ್ಲಿ, ಕೊರೊನಾ ನಿರ್ಬಂಧಗಳು ಜಾರಿಯಲ್ಲಿದ್ದಾಗಲೇ, ಗೋಕಾಕ ತಾಲ್ಲೂಕಿನ ಮರಡಿಮಠದಲ್ಲಿ ಮಠದ ಕುದುರೆಯೊಂದು ಸತ್ತಾಗ ನೂರಾರು ಜನ ಅಂತ್ಯಯಾತ್ರೆಗೆ ಸೇರಿದ್ದರು. ಆಡಳಿತವು ಊರನ್ನೇ ಸೀಲ್‌ಡೌನ್ ಮಾಡಬೇಕಾಯಿತು. ಹೀಗೆ ಕುದುರೆಯನ್ನು ಪೂಜಿಸುವ ನಾಡಿನಲ್ಲಿಯೇ ಓಟದ ಕುದುರೆಯ ಬೆನ್ನ ಮೇಲೆ ಬಾಸುಂಡೆಯೂ ಕಾಣುತ್ತದೆ ಎಂಬುದು ಈ ವಿಷಯದ ಚರ್ಚೆಯಲ್ಲಿ ಪದೇ ಪದೇ ಎದುರಾಗುವ ವೈರುಧ್ಯ.

ಸ್ಪರ್ಧೆಯ ಬಗೆಗಳು

ಸುಗ್ಗಿ ಮುಗಿದ ನಂತರ, ಅಂದರೆ ಸಂಕ್ರಾಂತಿಯ ಆಸುಪಾಸಿನಿಂದ ಮುಂಗಾರು ಹಿಡಿಯುವವರೆಗೆ ಓಟಗಳ ಕಾಲ. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಮಾಯಕ್ಕ ದೇವಿಯ ಜಾತ್ರೆಗೆ ಗಡಿಯ ಎರಡೂ ಕಡೆಗಳಿಂದ ಜನ ಬಂಡಿ ಕಟ್ಟಿಕೊಂಡು ಬರುವ ರೂಢಿ ಹಳೆಯದು. ಗಾಡಿ ಓಟದ ಹುರುಪಿನ ಮೂಲವನ್ನು ಇಂಥ ಬಂಡಿಯ ಪಯಣಗಳಲ್ಲಿಯೇ ಹುಡುಕಬೇಕು.

ಖಾನಾಪುರ ಮತ್ತು ಬೆಳಗಾವಿ ತಾಲ್ಲೂಕುಗಳಲ್ಲಿ ಜೋಡೆತ್ತಿನ ಖಾಲಿ ಗಾಡಿ ಓಟವೇ ಪ್ರಧಾನ. ಖಾನಾಪುರವು ಮಲೆನಾಡಿನ ಅಂಚಿನ, ಹೆಚ್ಚು ಮಳೆ ಬೀಳುವ ಭತ್ತದ ತಾಲ್ಲೂಕಾದ್ದರಿಂದ ಗದ್ದೆ ಕೊಯ್ಲಾಗಿ ನೆಲ ಒಣಗಿದ ಮೇಲೆಯೇ ಓಟಕ್ಕೆ ಬಯಲು ಸಿಗುತ್ತದೆ. ಹೊರೆ ಇಲ್ಲದ ಹಗುರ ಗಾಡಿಯನ್ನು ಒಂದೊಂದೇ ಜೋಡಿಯಾಗಿ ಓಡಿಸಿ, ನಿಗದಿಪಡಿಸಿದ ಸಮಯದಲ್ಲಿ ಹೆಚ್ಚು ದೂರ ಕ್ರಮಿಸಿದವರಿಗೆ ಬಹುಮಾನ ಕೊಡುವ ಪದ್ಧತಿ ಇದೆ. ಚಿಕ್ಕೋಡಿ, ರಾಯಬಾಗ, ಅಥಣಿ ಮೊದಲಾದ ಉತ್ತರದ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಹಲವು ಗಾಡಿಗಳು ಒಟ್ಟಿಗೆ ಓಡುವ ಸ್ಪರ್ಧೆಗಳು ಹೆಚ್ಚು. ಅಲ್ಲಿ ಜೋಡೆತ್ತಿನ ಗಾಡಿಯ ಜೊತೆಗೆ ಕುದುರೆ ಗಾಡಿ ಓಟವೂ, ಒಂದು ಎತ್ತು ಒಂದು ಕುದುರೆಯನ್ನು ಅಕ್ಕಪಕ್ಕ ಹೂಡಿದ ಗಾಡಿಯ ಓಟವೂ ಬೇರೆ ಬೇರೆ ವಿಭಾಗಗಳಾಗಿ ನಡೆಯುತ್ತವೆ. ಜಾತ್ರಾ ಸಮಿತಿಗಳ ಕರಪತ್ರಗಳಲ್ಲಿ ಇವುಗಳ ಪಕ್ಕದಲ್ಲಿಯೇ ಸೈಕಲ್ ಓಟದ ಬಹುಮಾನವೂ ಅಚ್ಚಾಗಿರುತ್ತದೆ.

ಮಹಾರಾಷ್ಟ್ರದ ಪುಣೆ ಜಿಲ್ಲೆಯ ಜುನ್ನರ, ಅಂಬೇಗಾಂವ ಭಾಗದ ಓಟಗಳಲ್ಲಿ ಕುದುರೆಯ ಪಾತ್ರ ಬೇರೆ. ಏರುದಾರಿಯಲ್ಲಿ ಎತ್ತುಗಳ ಮುಂದೆ ಸವಾರನೊಬ್ಬ ಕುದುರೆಯನ್ನು ಓಡಿಸುತ್ತಾನೆ, ಎತ್ತುಗಳು ಅದನ್ನು ಹಿಂಬಾಲಿಸುತ್ತವೆ. ಬೆಳಗಾವಿ ಭಾಗದಲ್ಲಿ ಈ ಪದ್ಧತಿಗಿಂತ ಕುದುರೆಯನ್ನೇ ಗಾಡಿಗೆ ಹೂಡುವ ರೂಢಿಯೇ ಮುಖ್ಯ.

ಎತ್ತು ಮತ್ತು ಕುದುರೆಯ ಬೆರಕೆ ಜೋಡಿ

ಪ್ರಾಣಿ ಕಲ್ಯಾಣದ ದೃಷ್ಟಿಯಿಂದ ಅತ್ಯಂತ ಆಕ್ಷೇಪಕ್ಕೆ ಒಳಗಾಗಿರುವುದು ಬೆರಕೆ ಜೋಡಿಯ ಓಟ. ಆಕ್ಷೇಪಕ್ಕೆ ಕಾರಣ ಎರಡು ಪ್ರಾಣಿಗಳ ಶರೀರ ರಚನೆ. ಎತ್ತು ಸೀಳುಗೊರಸಿನ ಪ್ರಾಣಿ. ಅದರ ಬಲವಿರುವುದು ನಿಧಾನವಾಗಿ, ಒಂದೇ ಸಮನೆ ಎಳೆಯುವುದರಲ್ಲಿ. ಕುದುರೆ ಒಂದೇ ಗೊರಸಿನ, ನೀಳ ಕಾಲಿನ ಪ್ರಾಣಿ. ಅಪಾಯ ಕಂಡಾಗ ಓಡಿ ತಪ್ಪಿಸಿಕೊಳ್ಳುವುದೇ ಅದರ ಹುಟ್ಟುಗುಣ. ನಾಗಾಲೋಟದಲ್ಲಿ ಕುದುರೆಯ ಹೆಜ್ಜೆಯಳತೆ ಎತ್ತಿನದಕ್ಕಿಂತ ಬಹಳ ದೊಡ್ಡದು. ಇವೆರಡನ್ನೂ ಒಂದೇ ನೊಗಕ್ಕೆ ಕಟ್ಟಿದರೆ ಕುದುರೆ ಮುಂದಕ್ಕೆ ಜಗ್ಗುತ್ತದೆ, ಎತ್ತು ಹಿಂದೆ ಬೀಳುತ್ತದೆ, ನೊಗ ಓರೆಯಾಗಿ ಎರಡರ ಕುತ್ತಿಗೆಯನ್ನೂ ತಿಕ್ಕುತ್ತದೆ. ಎತ್ತನ್ನು ಕುದುರೆಯ ವೇಗಕ್ಕೆ ತರಲು ಹೊಡೆಯುವುದು, ಕುದುರೆಯನ್ನು ಎತ್ತಿನ ಸಮಕ್ಕೆ ತಡೆಯಲು ಲಗಾಮು ಜಗ್ಗುವುದು ಎರಡೂ ಏಕಕಾಲಕ್ಕೆ ನಡೆಯುತ್ತವೆ. ಒಂದಕ್ಕೆ ಓಡು ಎಂಬ ನೋವು, ಇನ್ನೊಂದಕ್ಕೆ ನಿಲ್ಲು ಎಂಬ ನೋವು.

ನೊಗವೆಂಬುದು ಎತ್ತಿಗಾಗಿಯೇ ರೂಪುಗೊಂಡ ಸಾಧನ. ಎತ್ತಿನ ಡುಬ್ಬದ ಮುಂದೆ ಅದು ಒರಗಿ ನಿಲ್ಲುತ್ತದೆ, ಎಳೆತದ ಭಾರವನ್ನು ಡುಬ್ಬ ತಡೆದುಕೊಳ್ಳುತ್ತದೆ. ಕುದುರೆಗೆ ಡುಬ್ಬವಿಲ್ಲ. ಅದು ಎದೆ ಮತ್ತು ಭುಜಗಳಿಂದ ಎಳೆಯುವ ಪ್ರಾಣಿ. ಆದ್ದರಿಂದಲೇ ಟಾಂಗಾಗಳಲ್ಲಿ ಎದೆಪಟ್ಟಿ ಅಥವಾ ಕುತ್ತಿಗೆಯ ಮೆತ್ತೆಪಟ್ಟಿ ಬಳಸುತ್ತಿದ್ದರು. ಎತ್ತಿನ ನೊಗವನ್ನು ಕುದುರೆಯ ಕುತ್ತಿಗೆಗೆ ಹೊಂದಿಸಿದಾಗ ಅದು ಹಿಂದಕ್ಕೆ ಜಾರಿ ಹೆಗಲ ಏಣನ್ನು ಉಜ್ಜುತ್ತದೆ, ಕೊರಳಪಟ್ಟಿ ಬಿಗಿಯಾದರೆ ಉಸಿರುನಾಳದ ಮೇಲೆ ಒತ್ತಡ ಬೀಳುತ್ತದೆ. ಕುದುರೆ ಮೂಗಿನಿಂದ ಮಾತ್ರ ಉಸಿರಾಡಬಲ್ಲದು, ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಡಲಾರದು. ಓಟದ ಹೊತ್ತಿನಲ್ಲಿ ಕುತ್ತಿಗೆ ಬಿಗಿದಿರುವುದಾಗಲಿ, ಮೂಗಿನ ಮೇಲಿನ ಪಟ್ಟಿ ಇಳಿದು ಹೊಳ್ಳೆ ಮುಚ್ಚುವುದಾಗಲಿ ಅದಕ್ಕೆ ಪ್ರಾಣಸಂಕಟ.

ಹಿಡಿತದ ಸಾಧನಗಳೂ ಬೇರೆ. ಎತ್ತಿಗೆ ಮೂಗುದಾರ, ಕುದುರೆಗೆ ಕಡಿವಾಣ. ಕಡಿವಾಣದ ಲೋಹದ ತುಂಡು ಕುದುರೆಯ ಮುಂದಿನ ಮತ್ತು ಹಿಂದಿನ ಹಲ್ಲುಗಳ ನಡುವೆ, ಹಲ್ಲಿಲ್ಲದ ವಸಡಿನ ಭಾಗದಲ್ಲಿ ಕೂರುತ್ತದೆ. ಅಲ್ಲಿ ಎಲುಬಿನ ಮೇಲೆ ಇರುವುದು ತೆಳುವಾದ ಪದರ ಮಾತ್ರ. ಗಾಡಿಯಲ್ಲಿ ನಿಂತ ಚಾಲಕ ತನ್ನ ಸಮತೋಲನಕ್ಕಾಗಿ ಲಗಾಮಿಗೆ ಜೋತುಬಿದ್ದರೆ ಅವನ ಮೈಭಾರವೆಲ್ಲ ಆ ಒಂದು ಜಾಗದ ಮೇಲೆ ಬೀಳುತ್ತದೆ. ಓಟ ಮುಗಿಸಿದ ಕುದುರೆಯ ಬಾಯಂಚಿನಲ್ಲಿ ಕಾಣುವ ಕೆಂಪು ನೊರೆಗೆ ಸಾಮಾನ್ಯವಾಗಿ ಇದೇ ಕಾರಣ.

ತರಬೇತಿಯ ವಿಧಾನಗಳು

ಓಟದ ದಿನ ನಡೆಯುವುದು ನೂರಾರು ಜನರ ಕಣ್ಣೆದುರು. ತರಬೇತಿ ನಡೆಯುವುದು ಹೊಲದ ಬದಿಯಲ್ಲಿ, ಕೆನಾಲ್ ದಾರಿಯಲ್ಲಿ, ಬೆಳಗಿನ ಜಾವದ ಡಾಂಬರು ರಸ್ತೆಯಲ್ಲಿ. ಕಲ್ಯಾಣದ ಪ್ರಶ್ನೆಯ ಬಹುಭಾಗ ಅಡಗಿರುವುದು ಈ ಎರಡನೆಯ ಕಡೆ.

ಒಳ್ಳೆಯ ಸಾಕಣೆದಾರರ ಕ್ರಮ ಹೀಗಿರುತ್ತದೆ: ಮರಿಯನ್ನು ಮೊದಲು ಕೈಯಲ್ಲಿ ಹಿಡಿದು ನಡೆಸುವುದು, ಬಳಿಕ ಹಗುರವಾದ ಮರದ ತುಂಡನ್ನು ಎಳೆಸಿ ಬೆನ್ನ ಹಿಂದಿನ ಸದ್ದಿಗೆ ಒಗ್ಗಿಸುವುದು, ಪಳಗಿದ ಪ್ರಾಣಿಯ ಜೊತೆ ಹೂಡುವುದು, ವೇಗವನ್ನು ವಾರಗಟ್ಟಲೆ ಹಂತಹಂತವಾಗಿ ಏರಿಸುವುದು, ಓಡಿಸಿದ ಮೇಲೆ ನಡೆಸಿ ತಣಿಸಿ ಮೈ ತಿಕ್ಕುವುದು. ಕುದುರೆಯ ಕಾಲಿನ ಎಲುಬುಗಳ ಬೆಳವಣಿಗೆ ಮೊದಲ ಎರಡು ಮೂರು ವರ್ಷಗಳಲ್ಲಿ ಮುಗಿಯುತ್ತ ಬಂದರೂ ಬೆನ್ನುಮೂಳೆ ಬಲಿಯಲು ಐದು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಮರಿ ಎತ್ತರವಾಗಿ ಬೆಳೆದಿದೆ ಎಂಬ ಕಾರಣಕ್ಕೆ ಬೇಗನೆ ಹೂಡುವುದು ಮುಂದೆ ಕೀಲುನೋವಿಗೂ ಕುಂಟುವಿಕೆಗೂ ದಾರಿಯಾಗುತ್ತದೆ.

ಆಕ್ಷೇಪಾರ್ಹ ಪದ್ಧತಿಗಳಲ್ಲಿ ಬಾರುಕೋಲಿನ ಹೊಡೆತ, ಮೊಳೆ ಜಡಿದ ಕೋಲಿನಿಂದ ಚುಚ್ಚುವುದು, ಬಾಲ ತಿರುಚುವುದು, ಎರಡೂ ಪಕ್ಕದಲ್ಲಿ ಬೈಕ್‌ಗಳನ್ನು ಓಡಿಸುತ್ತ ಹಾರ್ನ್ ಮತ್ತು ಕೂಗಿನಿಂದ ಬೆದರಿಸುವುದು ಸೇರಿವೆ. ಕೊನೆಯದನ್ನು ಹಲವರು ಹಿಂಸೆಯೆಂದೇ ಎಣಿಸುವುದಿಲ್ಲ, ಏಕೆಂದರೆ ಅದರಿಂದ ಗಾಯವಾಗುವುದಿಲ್ಲ. ಆದರೆ ಹಿಂದಿನಿಂದ ಬರುವ ಸದ್ದಿಗೆ ಪ್ರಾಣಭಯದಿಂದ ಓಡುವುದು ಕುದುರೆಯ ಸ್ವಭಾವ. ಹಾಗೆ ಓಡುವ ಕುದುರೆ ಹಳ್ಳ, ಕಂಬ, ಜನ ಯಾವುದನ್ನೂ ನೋಡದು. ಗಾಡಿಗಳು ಪ್ರೇಕ್ಷಕರ ಮೇಲೆ ನುಗ್ಗುವ ಅಪಾಯಕ್ಕೆ ಇದೂ ಒಂದು ಕಾರಣ.

ಪ್ರಾಣಿ ವರ್ತನೆಯ ಅಧ್ಯಯನದಲ್ಲಿ ಕುದುರೆಯ ಕಲಿಕೆಯನ್ನು ಒತ್ತಡ ಮತ್ತು ಬಿಡುಗಡೆ ಎಂಬ ತತ್ವದಿಂದ ವಿವರಿಸುತ್ತಾರೆ. ಲಗಾಮು ಜಗ್ಗಿದಾಗ ಕುದುರೆ ಕಲಿಯುವುದಿಲ್ಲ; ಅದು ನಿಂತ ಕ್ಷಣವೇ ಲಗಾಮು ಸಡಿಲಾದಾಗ ಕಲಿಯುತ್ತದೆ. ಸರಿಯಾಗಿ ಓಡಿದ ಮೇಲೂ ಹೊಡೆತ ನಿಲ್ಲದಿದ್ದರೆ ತಾನು ಏನು ಮಾಡಿದರೆ ನೋವು ನಿಲ್ಲುತ್ತದೆ ಎಂಬುದು ಅದಕ್ಕೆ ಎಂದಿಗೂ ತಿಳಿಯದು. ಅಂಥ ಕುದುರೆ ಒಂದೋ ಸಿಡಿಮಿಡಿಗೊಂಡು ಕಚ್ಚಲು ಒದೆಯಲು ತೊಡಗುತ್ತದೆ, ಇಲ್ಲವೆ ಎಲ್ಲವನ್ನೂ ಸಹಿಸಿಕೊಂಡು ಮಂಕಾಗುತ್ತದೆ. ಮಂಕಾದುದನ್ನು ಪಳಗಿತು ಎಂದು ತಪ್ಪಾಗಿ ತಿಳಿಯುವುದುಂಟು. ಚಾಟಿಯಿಂದ ವೇಗ ಹೆಚ್ಚುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಲಾಗಿದೆ. ಸಿಡ್ನಿ ವಿಶ್ವವಿದ್ಯಾಲಯದ ಡೇವಿಡ್ ಇವಾನ್ಸ್ ಮತ್ತು ಪಾಲ್ ಮೆಕ್‌ಗ್ರೀವಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು ಆಸ್ಟ್ರೇಲಿಯಾದ ಓಟಗಳ ಕೊನೆಯ ಭಾಗದಲ್ಲಿ ಚಾಟಿಯ ಬಳಕೆಯು ಓಟದ ಫಲಿತಾಂಶವನ್ನು ಉತ್ತಮಪಡಿಸಿದ್ದು ಕಂಡುಬರಲಿಲ್ಲ ಎಂದು ತಿಳಿಸಿತು. ಅದು ಜೀನು ಹಾಕಿದ ಓಟದ ಕುದುರೆಗಳ ಕುರಿತ ಅಧ್ಯಯನ. ಗಾಡಿ ಓಟಕ್ಕೆ ನೇರವಾಗಿ ಅನ್ವಯಿಸದಿದ್ದರೂ ದಣಿದ ಸ್ನಾಯುವಿಗೆ ಹೊಡೆತದಿಂದ ಬಲ ಬರುವುದಿಲ್ಲ ಎಂಬ ಅಂಶ ಎರಡಕ್ಕೂ ಒಂದೇ.

ಆರೋಗ್ಯದ ತೊಂದರೆಗಳು

ಡಾಂಬರು ರಸ್ತೆಯ ಮೇಲಿನ ಓಟ ಗೊರಸಿಗೂ ಕೀಲಿಗೂ ಹಾನಿಕರ. ಕಬ್ಬಿಣದ ಲಾಳ ಡಾಂಬರಿನ ಮೇಲೆ ಜಾರುತ್ತದೆ. ಲಾಳ ಕಟ್ಟದಿದ್ದರೆ ಗೊರಸು ಸವೆಯುತ್ತದೆ. ಪ್ರತಿ ಹೆಜ್ಜೆಯ ಪೆಟ್ಟನ್ನು ಮಣ್ಣು ಹೀರಿಕೊಳ್ಳುವಷ್ಟು ರಸ್ತೆ ಹೀರಿಕೊಳ್ಳಲಾರದು. ಲಾಳ ಕಟ್ಟುವ ಕುಶಲಕರ್ಮಿಗಳು ಟಾಂಗಾಗಳ ಜೊತೆಗೇ ವಿರಳವಾಗಿದ್ದಾರೆ ಎಂಬುದನ್ನೂ ಗಮನಿಸಬೇಕು.

ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿ ನಗರದ ಹವೆ ತುಸು ತಂಪು. ಅಥಣಿ, ರಾಯಬಾಗದ ಏಪ್ರಿಲ್ ಬಿಸಿಲು ಹಾಗಲ್ಲ. ಕುದುರೆ ಮೈತುಂಬ ಬೆವರುವ ಪ್ರಾಣಿ. ಬೆವರಿನ ಜೊತೆ ಉಪ್ಪಿನಂಶವೂ ಅಧಿಕವಾಗಿ ಹೋಗುವುದರಿಂದ ನೀರು ಮಾತ್ರ ಕುಡಿಸಿದರೆ ಸಾಲದು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಕುದುರೆಯ ಹೃದಯಬಡಿತ ನಿಮಿಷಕ್ಕೆ 28ರಿಂದ 44ರಷ್ಟಿದ್ದು, ರಭಸದ ಓಟದಲ್ಲಿ 200ನ್ನು ದಾಟುತ್ತದೆ. ಓಟದ ನಂತರ ಅರ್ಧ ಗಂಟೆ ಕಳೆದರೂ ಬಡಿತ ಇಳಿಯದಿರುವುದು ಅಪಾಯದ ಸೂಚನೆ.

ಮೇವಿನ ವಿಷಯದಲ್ಲಿ ಪ್ರೀತಿಯೇ ಕೇಡಾಗುವ ಸಂದರ್ಭಗಳಿವೆ. ಓಟಕ್ಕೆ ಮುನ್ನ ಹುರಳಿ, ಕಡಲೆ, ಮೊಟ್ಟೆ, ತುಪ್ಪ ಮುಂತಾದುವನ್ನು ಧಾರಾಳವಾಗಿ ತಿನ್ನಿಸುವ ರೂಢಿ ಇದೆ. ಕುದುರೆಗೆ ವಾಂತಿ ಮಾಡುವ ಶಕ್ತಿ ಇಲ್ಲ. ಅತಿಯಾದ ಕಾಳು ಹೊಟ್ಟೆಯಲ್ಲಿ ಹುದುಗಿ ಶೂಲೆ ಬರುತ್ತದೆ, ಗೊರಸಿನೊಳಗಿನ ಪದರಗಳು ಊದಿಕೊಂಡು ನಿಲ್ಲಲಾಗದ ಸ್ಥಿತಿಯೂ ಬರಬಹುದು. ಹಲವು ದಿನ ಕಟ್ಟಿಹಾಕಿ ಕಾಳು ತಿನ್ನಿಸಿ ಒಮ್ಮೆಲೇ ಓಡಿಸಿದರೆ ತೊಡೆಯ ಸ್ನಾಯುಗಳು ಕಲ್ಲಿನಂತೆ ಬಿಗಿದು ಮೂತ್ರ ಕಂದುಬಣ್ಣಕ್ಕೆ ತಿರುಗುವ ಕಾಯಿಲೆ ಕುದುರೆಗಳಲ್ಲಿ ಪ್ರಸಿದ್ಧ. ಆಗ ಅದನ್ನು ಹೊಡೆದು ನಡೆಸುವುದು ಮೂತ್ರಪಿಂಡಕ್ಕೆ ಮಾರಕ.

ಧನುರ್ವಾಯು ಕುದುರೆಗಳನ್ನು ಬಹುಬೇಗ ಬಲಿ ತೆಗೆದುಕೊಳ್ಳುವ ರೋಗ. ಗೊರಸಿಗೆ ಚುಚ್ಚಿದ ಒಂದು ಮೊಳೆ ಸಾಕು. ಲಸಿಕೆಯಿಂದ ಇದನ್ನು ಪೂರ್ಣವಾಗಿ ತಡೆಯಬಹುದು. ಗ್ಲ್ಯಾಂಡರ್ಸ್ ಎಂಬ ಬ್ಯಾಕ್ಟೀರಿಯಾ ರೋಗವು ಕುದುರೆಯಿಂದ ಮನುಷ್ಯರಿಗೂ ಹರಡಬಲ್ಲದಾದ್ದರಿಂದ ಅದು ಕಂಡುಬಂದರೆ ಸರಕಾರಕ್ಕೆ ತಿಳಿಸುವುದು ಕಡ್ಡಾಯ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಇದರ ಪರೀಕ್ಷೆ ನಡೆಸುತ್ತದೆ. ಎರಡು ರಾಜ್ಯಗಳ ಕುದುರೆಗಳು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುವ ಜಾತ್ರೆಗಳಲ್ಲಿ ಈ ಎಚ್ಚರಿಕೆ ಅಗತ್ಯ.

ಕಾನೂನಿನ ಸ್ಥಿತಿ

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ, 1960 ಇಡೀ ವಿಷಯಕ್ಕೆ ಮೂಲಶಾಸನ. ಇದರ 11ನೆಯ ಪ್ರಕರಣವು ಪ್ರಾಣಿಯನ್ನು ಹೊಡೆಯುವುದು, ಒದೆಯುವುದು, ಅತಿಯಾಗಿ ಸವಾರಿ ಮಾಡುವುದು, ಅತಿಯಾಗಿ ಓಡಿಸುವುದು, ಅತಿಯಾಗಿ ಹೇರುವುದು, ಗಾಯಗೊಂಡ ಅಥವಾ ಅಶಕ್ತ ಪ್ರಾಣಿಯನ್ನು ದುಡಿಸುವುದು, ಹಾನಿಕರ ಔಷಧ ಕೊಡುವುದು ಇವುಗಳನ್ನು ಅಪರಾಧವೆಂದು ಹೇಳುತ್ತದೆ. ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಮೂರು ವರ್ಷಗಳೊಳಗೆ ಮರುಕಳಿಸಿದರೆ 25ರಿಂದ 100 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ. ಆರು ದಶಕಗಳ ಹಿಂದೆ ಭಾರವಾಗಿದ್ದ ಈ ಮೊತ್ತ ಇಂದು ಓಟದ ಪ್ರವೇಶ ಶುಲ್ಕದ ಮುಂದೆ ಲೆಕ್ಕಕ್ಕೇ ಬಾರದು.

1965ರಲ್ಲಿ ಬಂದ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ನಿಯಮಗಳು ಹೆಚ್ಚು ಖಚಿತವಾಗಿವೆ. ಮೊಳೆ ಅಥವಾ ಚೂಪು ಮುಂಚಾಚುಗಳಿರುವ ಕೋಲು, ಕಡಿವಾಣ, ನೊಗ, ಪಟ್ಟಿಗಳನ್ನು ಅವು ನಿಷೇಧಿಸುತ್ತವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ದಾಟುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ನಿಯಮಗಳನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಸರಕು ಗಾಡಿ. ಆದರೂ ಬೇಸಿಗೆಯ ಜಾತ್ರೆಯ ಮಧ್ಯಾಹ್ನದ ಓಟಕ್ಕೆ ಈ ಕೊನೆಯ ನಿಯಮ ನೇರವಾಗಿ ತಾಗುತ್ತದೆ.

ಎತ್ತುಗಳ ವಿಷಯದಲ್ಲಿ ಕಾನೂನಿನ ಹಾದಿ ಬೇರೆ. ಕೇಂದ್ರ ಸರಕಾರವು 2011ರ ಜುಲೈ 11ರಂದು ಗೂಳಿ ಎತ್ತುಗಳನ್ನು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಮತ್ತು ಎ. ನಾಗರಾಜ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಮತ್ತು ಪಿನಾಕಿ ಚಂದ್ರ ಘೋಷ್ ಅವರ ಪೀಠವು 2014ರ ಮೇ 7ರಂದು ಜಲ್ಲಿಕಟ್ಟು ಹಾಗೂ ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಎತ್ತಿನ ಶರೀರ ಓಟದ ಪ್ರದರ್ಶನಕ್ಕಾಗಿ ರೂಪುಗೊಂಡದ್ದಲ್ಲ ಎಂಬುದು ತೀರ್ಪಿನ ಪ್ರಮುಖ ನೆಲೆಗಳಲ್ಲೊಂದು. ಇದಕ್ಕೆ ಉತ್ತರವಾಗಿ ತಮಿಳುನಾಡು, ಕರ್ನಾಟಕ ಮತ್ತು ಮಹಾರಾಷ್ಟ್ರ ರಾಜ್ಯಗಳು 2017ರಲ್ಲಿ ತಿದ್ದುಪಡಿ ಶಾಸನಗಳನ್ನು ತಂದವು. ಮಹಾರಾಷ್ಟ್ರದ ಓಟಗಳಿಗೆ ಬಾಂಬೆ ಹೈಕೋರ್ಟ್ ತಡೆ ನೀಡಿತ್ತು. 2021ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅವುಗಳಿಗೆ ಷರತ್ತುಬದ್ಧ ಅನುಮತಿ ಕೊಟ್ಟಿತು. ಅಂತಿಮವಾಗಿ ನ್ಯಾಯಮೂರ್ತಿ ಕೆ. ಎಂ. ಜೋಸೆಫ್ ನೇತೃತ್ವದ ಐವರ ಸಂವಿಧಾನ ಪೀಠವು 2023ರ ಮೇ 18ರಂದು ಮೂರೂ ಶಾಸನಗಳನ್ನು ಎತ್ತಿಹಿಡಿಯಿತು.

ಕರ್ನಾಟಕದ ಶಾಸನ ಕಂಬಳವನ್ನು ಕೋಣಗಳ ಓಟವೆಂದೂ, ಎತ್ತಿನ ಓಟವನ್ನು ನೊಗದ ಮೂಲಕ ಗಾಡಿಗೆ ಕಟ್ಟಿದ ಅಥವಾ ಕಟ್ಟದ ಎತ್ತುಗಳ ಸಾಂಪ್ರದಾಯಿಕ ಕ್ರೀಡೆಯೆಂದೂ ವ್ಯಾಖ್ಯಾನಿಸುತ್ತದೆ. ಅನಗತ್ಯ ನೋವು ಉಂಟಾಗಬಾರದೆಂಬ ಷರತ್ತಿಗೆ ಒಳಪಟ್ಟು ಇವುಗಳಿಗೆ ವಿನಾಯಿತಿ ಇದೆ. ವ್ಯಾಖ್ಯಾನದಲ್ಲಿ ಕುದುರೆ ಎಂಬ ಶಬ್ದವಿಲ್ಲ. ಹೀಗಾಗಿ ಕುದುರೆ ಗಾಡಿ ಓಟವನ್ನಾಗಲಿ, ಬೆರಕೆ ಜೋಡಿಯ ಓಟವನ್ನಾಗಲಿ ಎತ್ತಿನ ಗಾಡಿ ಓಟದ ಅನುಮತಿಯ ನೆರಳಿನಲ್ಲಿ ಸೇರಿಸಿ ನಡೆಸಿದರೆ ಅದಕ್ಕೆ ಈ ಶಾಸನದ ಆಸರೆ ಸಿಗುವುದಿಲ್ಲ.

ಕುದುರೆ ಗೂಳಿಯಂತೆ ನಿಷೇಧಿತ ಪ್ರಾಣಿಗಳ ಪಟ್ಟಿಯಲ್ಲಿಲ್ಲ. ಆದರೆ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳು, 2001 ಸಾರ್ವಜನಿಕರಿಗೆ ಪ್ರವೇಶವಿರುವ ಅಶ್ವ ಸ್ಪರ್ಧೆಗಳಲ್ಲಿ ಬಳಸುವ ಪ್ರಾಣಿಯನ್ನೂ ಪ್ರದರ್ಶನ ಪ್ರಾಣಿಯೆಂದೇ ಪರಿಗಣಿಸುತ್ತವೆ. ಅಂಥ ಪ್ರಾಣಿಯ ಮಾಲೀಕರು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಕಾಯಿಲೆಯ, ಗಾಯಗೊಂಡ ಅಥವಾ ಗಬ್ಬದ ಪ್ರಾಣಿಯನ್ನು ಬಳಸಬಾರದು. ಅದರ ಸಮೀಪ ಬೇಕೆಂದೇ ದಿಢೀರ್ ದೊಡ್ಡ ಸದ್ದು ಮಾಡಬಾರದು. ಮೇಲೆ ಹೇಳಿದ ಬೈಕಿನ ಹಾರ್ನ್ ಈ ನಿಯಮದ ಎದುರಿನಲ್ಲಿಯೇ ನಿಲ್ಲುತ್ತದೆ. ಪ್ರಾಣಿಯನ್ನು ಕೊಂದರೆ ಅಥವಾ ಅಂಗವಿಕಲಗೊಳಿಸಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಪ್ರಕರಣದಡಿ ಐದು ವರ್ಷಗಳವರೆಗೆ ಶಿಕ್ಷೆ ವಿಧಿಸಬಹುದು.

ಓಟದ ಪರವಾದ ಅಭಿಪ್ರಾಯಗಳು

ಓಟದ ಬೆಂಬಲಿಗರ ವಾದವನ್ನು ಬರೀ ಮೋಜಿನ ಸಮರ್ಥನೆಯೆಂದು ತಳ್ಳಿಹಾಕಲಾಗದು. ಟ್ರ್ಯಾಕ್ಟರ್ ಬಂದ ಮೇಲೆ ಹೊಲದಲ್ಲಿ ಕೆಲಸ ಕಳೆದುಕೊಂಡ ಖಿಲಾರಿ ಎತ್ತುಗಳೂ ಟಾಂಗಾ ಹೋದ ಮೇಲೆ ಬೀದಿಗೆ ಬಿದ್ದ ಕುದುರೆಗಳೂ ಇಂದು ಕೊಟ್ಟಿಗೆಯಲ್ಲಿ ಉಳಿದಿದ್ದರೆ ಅದಕ್ಕೆ ಶರ್ಯತ್ತೇ ಕಾರಣ ಎನ್ನುತ್ತಾರೆ. ಗೆದ್ದ ಪ್ರಾಣಿಗೆ ಮನೆಯ ಮಗನಿಗಿಂತ ಹೆಚ್ಚು ಆರೈಕೆ ನಡೆಯುವುದೂ ನಿಜ. ಕೃಷ್ಣಾ ತೀರದ ಕೃಷ್ಣಾ ಕಣಿವೆ ತಳಿಯ ಎತ್ತುಗಳ ಸಂಖ್ಯೆ ಕುಸಿದಿರುವ ಹಿನ್ನೆಲೆಯಲ್ಲಿ ತಳಿ ಉಳಿವಿನ ವಾದಕ್ಕೆ ತೂಕವಿದೆ.

ಈ ವಾದ ಕುದುರೆಯ ಮಟ್ಟಿಗೆ ಅಷ್ಟು ಬಲವಾಗಿ ನಿಲ್ಲುವುದಿಲ್ಲ. ಸ್ಥಳೀಯ ಭೀಮಥಡಿ ಕುದುರೆ ಉಳಿದಿರುವುದು ಕುರಿಗಾಹಿಗಳ ಹೊರೆಯಿಂದ. ಓಟಕ್ಕೆ ನೀಳಕಾಯದ ಮಾರವಾಡಿ, ಕಾಠಿಯಾವಾಡಿ ಮತ್ತು ಬೆರಕೆ ಕುದುರೆಗಳಿಗೆ ಬೇಡಿಕೆ. ಸೋತ ಎತ್ತಿಗೆ ಉಳುಮೆಯಾದರೂ ಉಂಟು. ಸೋತ ಅಥವಾ ಕುಂಟಿದ ಕುದುರೆಗೆ ಮದುವೆಯ ಮೆರವಣಿಗೆಯ ಬಾಡಿಗೆ ಒಂದನ್ನು ಬಿಟ್ಟರೆ ಹಳ್ಳಿಯಲ್ಲಿ ಮತ್ತೊಂದು ಕೆಲಸವಿಲ್ಲ.

ಇತರ ಅಶ್ವ ಕ್ರೀಡೆಗಳೊಂದಿಗೆ ಹೋಲಿಕೆ

ತರಬೇತಿಯ ಹಿಂಸೆ ಬಡ ಹಳ್ಳಿಗಳ ಸಮಸ್ಯೆ ಮಾತ್ರವಲ್ಲ. ಕುದುರೆ ಮತ್ತು ಸವಾರನ ಸಾಮರಸ್ಯವೇ ಅಂಕದ ಆಧಾರವಾಗಿರುವ ಡ್ರೆಸಾಜ್ ಎಂಬ ಒಲಿಂಪಿಕ್ ಕ್ರೀಡೆಯಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಕುದುರೆಯ ಗದ್ದ ಎದೆಗೆ ತಾಗುವಷ್ಟು ಕುತ್ತಿಗೆಯನ್ನು ಲಗಾಮಿನಿಂದ ಬಾಗಿಸಿ ಅಭ್ಯಾಸ ಮಾಡಿಸುವ ರೋಲ್‌ಕುರ್ ಪದ್ಧತಿಯ ವಿರುದ್ಧ ಯುರೋಪಿನಲ್ಲಿ ದೀರ್ಘಕಾಲದ ಪ್ರತಿಭಟನೆ ನಡೆಯಿತು. 2010ರಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು ಬಲಪ್ರಯೋಗದಿಂದ ಹಾಗೆ ಬಾಗಿಸುವುದು ಸ್ವೀಕಾರಾರ್ಹವಲ್ಲ ಎಂದು ಘೋಷಿಸಿತು. ಬಲಪ್ರಯೋಗವಿಲ್ಲದ ಬಾಗುವಿಕೆಗೆ ಅವಕಾಶ ಉಳಿಸಿದ್ದರಿಂದ ವಿವಾದ ತಣ್ಣಗಾಗಲಿಲ್ಲ. 2024ರ ಜುಲೈನಲ್ಲಿ ಬ್ರಿಟನ್ನಿನ ಒಲಿಂಪಿಕ್ ಚಿನ್ನ ವಿಜೇತೆ ಷಾರ್ಲೆಟ್ ಡುಜಾರ್ಡಿನ್ ತರಬೇತಿಯ ವೇಳೆ ಶಿಷ್ಯೆಯ ಕುದುರೆಯ ಕಾಲಿಗೆ ಪದೇ ಪದೇ ಚಾಟಿಯಿಂದ ಹೊಡೆಯುವ ಹಳೆಯ ವಿಡಿಯೊ ಹೊರಬಂದು, ಅವರು ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಹಿಂದೆ ಸರಿದರು. ಅವರಿಗೆ ಒಂದು ವರ್ಷದ ನಿಷೇಧ ಮತ್ತು 10,000 ಸ್ವಿಸ್ ಫ್ರಾಂಕ್ ದಂಡ ವಿಧಿಸಲಾಯಿತು. ಗಮನಿಸಬೇಕಾದ ಅಂಶವೆಂದರೆ ಆ ಘಟನೆ ನಡೆದದ್ದು ಸ್ಪರ್ಧೆಯ ಅಂಗಳದಲ್ಲಲ್ಲ, ಖಾಸಗಿ ಅಭ್ಯಾಸದಲ್ಲಿ. ಆದರೂ ಒಕ್ಕೂಟದ ನಿಯಮ ಅಲ್ಲಿಗೂ ತಲುಪಿತು.

ಭಾರತದಲ್ಲಿ ಈ ಕ್ರೀಡೆಗೆ ಹೊಸ ಆಸಕ್ತಿ ಮೂಡಿದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ, ಡ್ರೆಸಾಜ್ ಒಂದು ಭಾಗವಾಗಿರುವ ಈವೆಂಟಿಂಗ್‌ನಲ್ಲಿ ಬೆಳ್ಳಿ ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತ ತಂಡ ಡ್ರೆಸಾಜ್‌ನಲ್ಲಿಯೇ ಚಿನ್ನ ಪಡೆಯಿತು. ಅಂಥ ಕೂಟಗಳಲ್ಲಿ ಸ್ಪರ್ಧೆಗೆ ಮುನ್ನ ಪಶುವೈದ್ಯರು ಪ್ರತಿ ಕುದುರೆಯನ್ನೂ ನಡೆಸಿ ನೋಡುತ್ತಾರೆ, ಕುಂಟಿದರೆ ಹೊರಗಿಡುತ್ತಾರೆ, ಮದ್ದಿನ ಪರೀಕ್ಷೆಯೂ ಇದೆ. ಜಾತ್ರೆಯ ಓಟದಲ್ಲಿ ಸಮಿತಿಯೇ ಆಯೋಜಕ, ಸಮಿತಿಯೇ ತೀರ್ಪುಗಾರ. ಓಡುವ ಮುನ್ನ ಕುದುರೆಯನ್ನು ಇಪ್ಪತ್ತು ಹೆಜ್ಜೆ ನಡೆಸಿ ನೋಡುವ ಕ್ರಮಕ್ಕೆ ಹಣ ಬೇಕಿಲ್ಲ.

ಗುರುತಿಸುವಿಕೆ ಮತ್ತು ದೂರು

ನೋವಿನಲ್ಲಿರುವ ಕುದುರೆ ಸಾಮಾನ್ಯವಾಗಿ ಕೂಗುವುದಿಲ್ಲ. ಕಿವಿ ಹಿಂದಕ್ಕೆ ಒತ್ತಿರುವುದು, ಕಣ್ಣಿನ ಮೇಲೆ ಸುಕ್ಕು ಬಿದ್ದು ಬಿಳಿಭಾಗ ಕಾಣುವುದು, ಹೊಳ್ಳೆ ಅಗಲಿಸಿ ಬಿಗಿದಿರುವುದು, ಬಾಲವನ್ನು ಬಿಡದೆ ಬೀಸುವುದು, ಒಂದು ಕಾಲಿನ ಮೇಲೆ ಭಾರ ಹಾಕದಿರುವುದು, ಹೊಟ್ಟೆಯ ಕಡೆಗೆ ತಿರುಗಿ ತಿರುಗಿ ನೋಡುವುದು ಇವು ಲಕ್ಷಣಗಳು. ಕುತ್ತಿಗೆಯ ಚರ್ಮವನ್ನು ಚಿವುಟಿ ಬಿಟ್ಟಾಗ ತಕ್ಷಣ ಸಮನಾಗದಿದ್ದರೆ ದೇಹದಲ್ಲಿ ನೀರು ಕಡಿಮೆಯಾಗಿದೆ ಎಂದರ್ಥ. ನೊಗ ಕೂತ ಜಾಗದಲ್ಲಿ ಬಿಳಿ ಕೂದಲಿನ ಮಚ್ಚೆಗಳಿದ್ದರೆ ಅಲ್ಲಿ ಹಿಂದೊಮ್ಮೆ ಹುಣ್ಣಾಗಿ ಮಾಯ್ದಿರುವ ಸಾಧ್ಯತೆ ಹೆಚ್ಚು. ಸಾಕಣೆಯ ಇತಿಹಾಸವನ್ನು ಇದರಿಂದ ಓದಬಹುದು.

ಗಾಯಗೊಂಡ ಪ್ರಾಣಿಗೆ ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನವನ್ನು 1962 ಸಂಖ್ಯೆಗೆ ಕರೆಮಾಡಿ ಕೋರಬಹುದು. ಕ್ರೌರ್ಯದ ದೂರನ್ನು ಸಮೀಪದ ಪೊಲೀಸ್ ಠಾಣೆಗೆ ಅಥವಾ ಜಿಲ್ಲೆಯ ಪ್ರಾಣಿ ದಯಾ ಸಂಘಕ್ಕೆ ಸಲ್ಲಿಸಬಹುದು. ಓಟಕ್ಕೆ ಅನುಮತಿ ಪಡೆಯಲಾಗಿದ್ದರೆ ಅನುಮತಿ ಪತ್ರದಲ್ಲಿ ಯಾವ ಪ್ರಾಣಿಯ ಓಟವೆಂದು ನಮೂದಾಗಿದೆ ಎಂಬುದನ್ನು ನೋಡುವುದು ದೂರುದಾರರಿಗೆ ಉಪಯುಕ್ತ. ಎತ್ತಿನ ಗಾಡಿ ಓಟವೆಂದು ಬರೆದಿದ್ದು ಅಖಾಡದಲ್ಲಿ ಕುದುರೆ ಕಂಡರೆ, 2017ರ ತಿದ್ದುಪಡಿಯ ವಿನಾಯಿತಿ ಆ ಗಾಡಿಗೆ ಅನ್ವಯಿಸುವುದಿಲ್ಲ.